ಗುಣವಾಗದಿದ್ದರೂ ಕೇಡಾಗದಿರಲಿ: ವೈದ್ಯಧರ್ಮದ ಮೊದಲ ಪಾಠ

ಬೆಂಗಳೂರು: 1995ರ ಮೇ ತಿಂಗಳು. ದಿನಗಟ್ಟಲೆ ನಿಲ್ಲದ ಋತುಸ್ರಾವದಿಂದ ಬಳಲುತ್ತಿದ್ದ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದೆಹಲಿಯ ಖಾಸಗಿ ಚಿಕಿತ್ಸಾಲಯಕ್ಕೆ ಹೋದರು. ಲ್ಯಾಪರೊಸ್ಕೋಪಿ ತಪಾಸಣೆ ನಡೆಸಿ ಕಾಯಿಲೆಯ ಮೂಲ ತಿಳಿಯುವುದೆಂದು ನಿರ್ಧಾರವಾಯಿತು. ಅವರು ಸಮ್ಮತಿ ಪತ್ರಕ್ಕೆ ಸಹಿ ಹಾಕಿದರು, ಅರಿವಳಿಕೆ ನೀಡಲಾಯಿತು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ವೈದ್ಯರ ಸಹಾಯಕಿ ಹೊರಗೆ ಬಂದು, ಅಲ್ಲಿ ಕುಳಿತಿದ್ದ ವೃದ್ಧ ತಾಯಿಯಿಂದ ಇನ್ನೊಂದು ಒಪ್ಪಿಗೆ ಪಡೆದರು. ಮಹಿಳೆಗೆ ಎಚ್ಚರವಾಗುವಷ್ಟರಲ್ಲಿ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದುಹಾಕಲಾಗಿತ್ತು.

ರೋಗಿಯ ಹಿತಕ್ಕಾಗಿಯೇ ಹೀಗೆ ಮಾಡಲಾಯಿತು, ಕಾಯಿಲೆಗೆ ಇದೇ ಸರಿಯಾದ ಚಿಕಿತ್ಸೆ ಎಂಬುದು ವೈದ್ಯರ ವಾದವಾಗಿತ್ತು. ಹದಿಮೂರು ವರ್ಷಗಳ ಬಳಿಕ, 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು. ವಯಸ್ಕ ರೋಗಿಯ ಪರವಾಗಿ ತಾಯಿ ಸಹಿ ಹಾಕುವಂತಿಲ್ಲ. ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕಿತ್ತು ಎಂದು ನ್ಯಾಯಾಲಯ ಹೇಳಿತು. ಶಸ್ತ್ರಚಿಕಿತ್ಸೆಯ ಶುಲ್ಕವನ್ನು ವೈದ್ಯರು ಪಡೆಯುವಂತಿಲ್ಲವೆಂದೂ 25 ಸಾವಿರ ರೂಪಾಯಿ ಪರಿಹಾರ ನೀಡಬೇಕೆಂದೂ ಆದೇಶಿಸಿತು.

ಪರಿಹಾರದ ಮೊತ್ತ ಚಿಕ್ಕದು. ಆದರೆ ತೀರ್ಪು ಎತ್ತಿದ ಪ್ರಶ್ನೆ ದೊಡ್ಡದು. ವೈದ್ಯರ ಕೈ ತಪ್ಪಿರಲಿಲ್ಲ, ಉದ್ದೇಶವೂ ಕೆಟ್ಟದ್ದಾಗಿರಲಿಲ್ಲ. ಆದರೂ ರೋಗಿಗೆ ಹಾನಿಯಾಯಿತು. ಹಾಗಾದರೆ 'ರೋಗಿಗೆ ಹಾನಿ ಮಾಡಬಾರದು' ಎಂಬ ವೈದ್ಯಧರ್ಮದ ಮೊದಲ ಪಾಠದ ಅರ್ಥವೇನು? ಕಾನೂನು ಅದರಲ್ಲಿ ಎಷ್ಟನ್ನು ಕಾಯುತ್ತದೆ, ಎಷ್ಟನ್ನು ವೈದ್ಯನ ಆತ್ಮಸಾಕ್ಷಿಗೆ ಬಿಡುತ್ತದೆ?

ಮಾತಿನ ಮೂಲ

'ಮೊದಲು, ಹಾನಿ ಮಾಡಬೇಡ' ಎಂಬ ಮಾತು ಗ್ರೀಸಿನ ಹಿಪಾಕ್ರೆಟಿಸ್‌ನ ಪ್ರತಿಜ್ಞೆಯಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಆ ಪ್ರತಿಜ್ಞೆಯಲ್ಲಿ ಈ ಮಾತು ಇದೇ ರೂಪದಲ್ಲಿಲ್ಲ. ರೋಗಿಯನ್ನು ಕೇಡು ಮತ್ತು ಅನ್ಯಾಯದಿಂದ ದೂರವಿಡುವ ಸಂಕಲ್ಪ ಮಾತ್ರ ಅಲ್ಲಿದೆ. ಹಿಪಾಕ್ರೆಟಿಸ್‌ನ ಹೆಸರಿನಲ್ಲಿರುವ, ಸಾಂಕ್ರಾಮಿಕ ರೋಗಗಳನ್ನು ಕುರಿತ ಇನ್ನೊಂದು ಗ್ರಂಥದಲ್ಲಿ, ವೈದ್ಯನು ಉಪಕಾರ ಮಾಡಬೇಕು, ಅದಾಗದಿದ್ದರೆ ಅಪಕಾರವನ್ನಾದರೂ ಮಾಡಬಾರದು ಎಂಬ ಅರ್ಥದ ಮಾತು ಬರುತ್ತದೆ. ಇಂದು ಎಲ್ಲೆಡೆ ಉದ್ಧರಿಸುವ ಲ್ಯಾಟಿನ್ ಸೂತ್ರ ವ್ಯಾಪಕವಾಗಿ ಪ್ರಚಾರಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ನಮ್ಮ ನೆಲದಲ್ಲೂ ಈ ಚಿಂತನೆ ಹೊಸದಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ಶಿಷ್ಯನಿಗೆ ಬೋಧಿಸುವ ನಿಯಮಗಳಿವೆ. ಹಗಲಿರುಳು ರೋಗಿಯ ಆರೋಗ್ಯಕ್ಕಾಗಿ ದುಡಿಯಬೇಕು, ತನ್ನ ಜೀವ ಅಥವಾ ಜೀವನೋಪಾಯಕ್ಕಾಗಿಯೂ ರೋಗಿಗೆ ದ್ರೋಹ ಬಗೆಯಬಾರದು, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಹೇಳಬಾರದು ಎಂದು ಅಲ್ಲಿ ವಿಧಿಸಲಾಗಿದೆ. ವೈದ್ಯಕೀಯ ವಿದ್ಯಾರ್ಥಿಗಳು 'ಚರಕ ಶಪಥ' ಸ್ವೀಕರಿಸುವಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಶಿಫಾರಸು ಮಾಡಿದಾಗ ಪರ-ವಿರೋಧದ ಚರ್ಚೆ ನಡೆಯಿತು. ಶಪಥ ಯಾವುದಾದರೂ ಇರಲಿ, ರೋಗಿಯ ಅಸಹಾಯಕತೆಯನ್ನು ವೈದ್ಯನು ತನ್ನ ಲಾಭಕ್ಕೆ ಬಳಸಬಾರದು ಎಂಬ ತಿರುಳು ಎರಡರಲ್ಲೂ ಒಂದೇ.

ಆಧುನಿಕ ವೈದ್ಯಕೀಯ ನೀತಿಶಾಸ್ತ್ರದಲ್ಲಿ ಈ ತತ್ವಕ್ಕೆ ಸ್ಪಷ್ಟ ಸ್ಥಾನ ದೊರೆತದ್ದು 1979ರಲ್ಲಿ. ಅಮೆರಿಕದ ಚಿಂತಕರಾದ ಟಾಮ್ ಬೋಶಾಂ ಮತ್ತು ಜೇಮ್ಸ್ ಚಿಲ್ಡ್ರೆಸ್ ತಮ್ಮ ಗ್ರಂಥದಲ್ಲಿ ನಾಲ್ಕು ಸೂತ್ರಗಳನ್ನು ಮುಂದಿಟ್ಟರು. ರೋಗಿಯ ಸ್ವನಿರ್ಧಾರವನ್ನು ಗೌರವಿಸುವುದು, ಹಾನಿ ಮಾಡದಿರುವುದು, ಒಳಿತು ಮಾಡುವುದು ಹಾಗೂ ಎಲ್ಲರಿಗೂ ನ್ಯಾಯ ಒದಗಿಸುವುದು. ದೆಹಲಿಯ ಪ್ರಕರಣದಲ್ಲಿ ಸಂಘರ್ಷವಿದ್ದುದು ಇವುಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ. ಒಳಿತು ಮಾಡುವ ಆತುರದಲ್ಲಿ ವೈದ್ಯರು ರೋಗಿಯ ನಿರ್ಧಾರದ ಹಕ್ಕನ್ನೇ ಕಸಿದಿದ್ದರು. ಆ ನಷ್ಟವೂ ಹಾನಿಯೇ ಎಂಬುದನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಹಾನಿಯಿಲ್ಲದ ಚಿಕಿತ್ಸೆಯುಂಟೆ?

ಅಕ್ಷರಶಃ ತೆಗೆದುಕೊಂಡರೆ ಈ ಪಾಠವನ್ನು ಪಾಲಿಸುವುದು ಅಸಾಧ್ಯ. ಶಸ್ತ್ರಚಿಕಿತ್ಸಕನು ಮೊದಲು ದೇಹವನ್ನು ಕೊಯ್ಯುತ್ತಾನೆ, ಆಮೇಲೆ ಹೊಲಿಯುತ್ತಾನೆ. ಕ್ಯಾನ್ಸರಿಗೆ ಕೊಡುವ ಕಿಮೊಥೆರಪಿ ರೋಗದ ಕೋಶಗಳ ಜೊತೆಗೆ ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತದೆ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್‌ಗಳು ದೇಹಕ್ಕೆ ವಿಕಿರಣವನ್ನು ತಲಪಿಸುತ್ತವೆ. ಎಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೂಡ ಮಿತಿ ಮೀರಿದರೆ ಯಕೃತ್ತನ್ನು ಹಾಳುಮಾಡಬಲ್ಲದು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಔಷಧಶಾಸ್ತ್ರದಷ್ಟು ಪುರಾವೆ ಒದಗಿಸುವ ಶಾಸ್ತ್ರ ಮತ್ತೊಂದಿಲ್ಲ.

ಆದ್ದರಿಂದ ವೈದ್ಯನ ಮುಂದಿರುವ ನಿಜವಾದ ಪ್ರಶ್ನೆ ಹಾನಿಯಾಗುತ್ತದೆಯೇ ಎಂಬುದಲ್ಲ. ಆಗಬಹುದಾದ ಹಾನಿ, ದೊರೆಯಬಹುದಾದ ಲಾಭಕ್ಕೆ ತಕ್ಕುದಾಗಿದೆಯೇ ಎಂಬುದು. ಈ ತೂಗುವಿಕೆಗೆ ಮೂರು ಷರತ್ತುಗಳಿವೆ. ಲಾಭ-ನಷ್ಟಗಳೆರಡನ್ನೂ ವೈದ್ಯನು ಪುರಾವೆಯ ಆಧಾರದಲ್ಲಿ ಅರಿತಿರಬೇಕು. ಆ ಅರಿವನ್ನು ರೋಗಿಯ ಜೊತೆ ಹಂಚಿಕೊಳ್ಳಬೇಕು. ಕಡಿಮೆ ಹಾನಿಯ ಮಾರ್ಗವಿದ್ದರೆ ಅದನ್ನೇ ಮೊದಲು ಪರಿಗಣಿಸಬೇಕು.

ತೂಗುವಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1998ರಲ್ಲಿ ಕೋಲ್ಕತ್ತದಲ್ಲಿ ನಡೆದ ಪ್ರಕರಣ ನಿದರ್ಶನ. ಅಮೆರಿಕದಿಂದ ರಜೆಗೆ ಬಂದಿದ್ದ ಮಹಿಳೆಯೊಬ್ಬರಿಗೆ ಚರ್ಮದ ಮೇಲೆ ಗುಳ್ಳೆಗಳೆದ್ದವು. ದೀರ್ಘಕಾಲ ದೇಹದಲ್ಲಿ ಉಳಿದು ಕೆಲಸ ಮಾಡುವ ಸ್ಟೀರಾಯ್ಡ್ ಚುಚ್ಚುಮದ್ದನ್ನು 80 ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆರಡು ಬಾರಿ ನೀಡಲು ಸೂಚಿಸಲಾಯಿತು. ಚರ್ಮ ಸುಲಿದುಹೋಗುವ ಅಪರೂಪದ ಗಂಭೀರ ಕಾಯಿಲೆಗೆ ತುತ್ತಾದ ಅವರು ಅದೇ ಮೇ ತಿಂಗಳಲ್ಲಿ ಮುಂಬೈಯಲ್ಲಿ ಕೊನೆಯುಸಿರೆಳೆದರು. ಈ ಪ್ರಮಾಣದ ಬಳಕೆಗೆ ವೈದ್ಯಕೀಯ ಸಮರ್ಥನೆ ಇರಲಿಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಅಭಿಪ್ರಾಯಪಟ್ಟಿತು. 2013ರ ಅಕ್ಟೋಬರ್ 24ರಂದು ಬಡ್ಡಿಯನ್ನು ಹೊರತುಪಡಿಸಿ ಸುಮಾರು 5.96 ಕೋಟಿ ರೂಪಾಯಿ ಪರಿಹಾರ ಘೋಷಿಸಿತು.

ತೊಳೆಯದ ಕೈಗಳು

ವೈದ್ಯನಿಗೇ ಅರಿವಿಲ್ಲದಂತೆ ಹಾನಿಯಾಗುವ ಸಂದರ್ಭಗಳೂ ಇವೆ. ಅಂಥಲ್ಲಿ ನೈತಿಕ ಹೊಣೆ ಆರಂಭವಾಗುವುದು ಪುರಾವೆ ಕಣ್ಣಿಗೆ ಬಿದ್ದ ಕ್ಷಣದಿಂದ. ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯ ಕಥೆ ಇದಕ್ಕೆ ಪ್ರಸಿದ್ಧ ಉದಾಹರಣೆ.

1840ರ ದಶಕದಲ್ಲಿ ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿ ಜ್ವರದಿಂದ ಮೊದಲ ವಿಭಾಗದಲ್ಲಿ ಸರಾಸರಿ ನೂರಕ್ಕೆ ಹತ್ತು ತಾಯಂದಿರು ಸಾಯುತ್ತಿದ್ದರೆ, ಎರಡನೆಯದರಲ್ಲಿ ನಾಲ್ಕಕ್ಕಿಂತ ಕಡಿಮೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯನನ್ನು ಈ ಅಂತರ ಕಾಡಿತು. 1847ರಲ್ಲಿ ಆತನ ಗೆಳೆಯ ಯಾಕೋಬ್ ಕೊಲೆಟ್ಷ್ಕಾ ಶವಪರೀಕ್ಷೆಯ ವೇಳೆ ಕೈಗೆ ಚೂರಿ ತಗುಲಿ, ಬಾಣಂತಿ ಜ್ವರದಂಥದೇ ಲಕ್ಷಣಗಳಿಂದ ಸತ್ತಾಗ ಒಗಟು ಬಿಡಿಸಿಕೊಂಡಿತು. ವೈದ್ಯರು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸಾವು ಅವರ ಕೈಯಲ್ಲೇ ಬರುತ್ತಿತ್ತು.

ಆ ವರ್ಷದ ಮೇ ತಿಂಗಳಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಸೆಮ್ಮೆಲ್‌ವೈಸ್ ಕಡ್ಡಾಯಗೊಳಿಸಿದ. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ಹಿರಿಯ ವೈದ್ಯರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ತಮ್ಮ ಕೈಗಳೇ ತಾಯಂದಿರನ್ನು ಕೊಂದವು ಎಂದು ಒಪ್ಪಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ, 47ನೇ ವಯಸ್ಸಿನಲ್ಲಿ, ಮಾನಸಿಕ ರೋಗಿಗಳ ಆಶ್ರಯದಲ್ಲಿ ತೀರಿಕೊಂಡ.

1847ಕ್ಕೆ ಮೊದಲು ಕೈ ತೊಳೆಯದ ವೈದ್ಯನನ್ನು ಅಜ್ಞಾನದ ಹೆಸರಿನಲ್ಲಿ ಕ್ಷಮಿಸಬಹುದು. ಅಂಕಿ-ಅಂಶಗಳನ್ನು ಕಂಡ ಮೇಲೂ ತೊಳೆಯದವನನ್ನು ಕ್ಷಮಿಸುವುದು ಕಷ್ಟ. ಹೊಸ ಪುರಾವೆಗೆ ಕಿವಿಗೊಡುವುದೂ ಹಾನಿ ತಡೆಯುವ ಕರ್ತವ್ಯದ ಭಾಗ ಎಂಬುದು ಈ ಘಟನೆಯ ಪಾಠ.

'ಪುರಾವೆ ತೋರಿಸಿ' ಎಂದ ಅಧಿಕಾರಿ

ಇದರ ಮತ್ತೊಂದು ಮಗ್ಗುಲು ಥ್ಯಾಲಿಡೋಮೈಡ್ ಔಷಧದ ದುರಂತ. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರುಕಟ್ಟೆಗೆ ಬಂದ ಈ ನಿದ್ರೆಯ ಮಾತ್ರೆ ಸಂಪೂರ್ಣ ಸುರಕ್ಷಿತವೆಂದು ಪ್ರಚಾರ ಪಡೆಯಿತು. ಗರ್ಭಿಣಿಯರು ಬೆಳಗಿನ ವಾಕರಿಕೆಗೂ ಅದನ್ನು ಸೇವಿಸಿದರು. ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲುಗಳ ಬೆಳವಣಿಗೆಯಿಲ್ಲದೆ ಅಥವಾ ಇತರ ಊನಗಳೊಂದಿಗೆ ಹುಟ್ಟಿದವೆಂದು ಅಂದಾಜು. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಔಷಧವನ್ನು ಹಿಂತೆಗೆದುಕೊಳ್ಳಲಾಯಿತು.

ಅಮೆರಿಕ ಬಹುಮಟ್ಟಿಗೆ ಪಾರಾಗಲು ಕಾರಣ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಲ್ಲಿದ್ದ ಫ್ರಾನ್ಸೆಸ್ ಕೆಲ್ಸಿ ಎಂಬ ವೈದ್ಯೆ. 1960ರಲ್ಲಿ ಅನುಮತಿಗಾಗಿ ಅರ್ಜಿ ಬಂದಾಗ, ಸುರಕ್ಷತೆಯ ಪುರಾವೆ ಸಾಲದೆಂದು ಅವರು ಕಡತವನ್ನು ಮತ್ತೆ ಮತ್ತೆ ಹಿಂದಿರುಗಿಸಿದರು. ಕಂಪನಿಯ ಒತ್ತಡಕ್ಕೆ ಮಣಿಯಲಿಲ್ಲ. ಕೆಲ್ಸಿ ಯಾರಿಗೂ ಚಿಕಿತ್ಸೆ ನೀಡಿರಲಿಲ್ಲ, ಪುರಾವೆಯಿಲ್ಲದ ಮಾತ್ರೆಯನ್ನು ತಡೆದಿದ್ದರು ಅಷ್ಟೆ. ಕೆಲವೊಮ್ಮೆ 'ಬೇಡ' ಎನ್ನುವುದೇ ವೈದ್ಯನು ಸಲ್ಲಿಸಬಹುದಾದ ದೊಡ್ಡ ಸೇವೆ.

ಅನಗತ್ಯ ಚಿಕಿತ್ಸೆ ಎಂಬ ಕೇಡು

ಇಂದಿನ ಭಾರತದಲ್ಲಿ ಈ 'ಬೇಡ' ಎಂಬ ಮಾತು ಅಪರೂಪವಾಗುತ್ತಿದೆಯೇ ಎಂಬ ಶಂಕೆಗೆ ಆಧಾರಗಳಿವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರ ಸ್ಥಿತಿ 2019ರಲ್ಲಿ ದೇಶದ ಗಮನ ಸೆಳೆಯಿತು. ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಗದ್ದೆಗಳಿಗೂ ಹಂಗಾಮಿನಲ್ಲಿ ಗುಳೆ ಬರುವ ಸಮುದಾಯವಿದು. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿಯು ಸಮೀಕ್ಷೆ ನಡೆಸಿದ ಸುಮಾರು 82 ಸಾವಿರ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಸಣ್ಣ ಸೋಂಕು, ಮುಟ್ಟಿನ ತೊಂದರೆಗಳಿಗೂ ಶಸ್ತ್ರಚಿಕಿತ್ಸೆಯ ಸಲಹೆ ನೀಡಲಾಗುತ್ತಿತ್ತು ಎಂಬ ದೂರುಗಳಿದ್ದವು. ಒಂದು ದಿನ ಕೆಲಸ ತಪ್ಪಿದರೂ ಗುತ್ತಿಗೆದಾರನಿಗೆ ದಂಡ ತೆರಬೇಕಾದ ಹೆಣ್ಣುಮಗಳಿಗೆ, 'ಕ್ಯಾನ್ಸರ್ ಆಗಬಹುದು' ಎಂಬ ಒಂದು ಮಾತು ಸಾಕಾಗುತ್ತಿತ್ತು.

ಬಿಹಾರ, ಛತ್ತೀಸಗಡ ಮತ್ತು ರಾಜಸ್ಥಾನಗಳಲ್ಲಿ ನಡೆದ ಇಂಥದೇ ಶಸ್ತ್ರಚಿಕಿತ್ಸೆಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು.

ನಗರಗಳ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಸಿಸೇರಿಯನ್ ಹೆರಿಗೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 21.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ. ಕರ್ನಾಟಕದಲ್ಲಿ ಶೇ 31.5. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3 ಇದ್ದ ಪ್ರಮಾಣ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4. ಒಟ್ಟು ಜನಸಂಖ್ಯೆಯ ಮಟ್ಟದಲ್ಲಿ ಶೇ 10ನ್ನು ದಾಟಿದ ಬಳಿಕ ಸಿಸೇರಿಯನ್ ಹೆಚ್ಚಿದಂತೆ ತಾಯಿ-ಶಿಶು ಮರಣ ಇಳಿಯುವುದಕ್ಕೆ ಪುರಾವೆಯಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತ್ತು. ಯಾವುದೇ ಒಂದು ಹೆರಿಗೆಯಲ್ಲಿ ಸಿಸೇರಿಯನ್ ಅನಗತ್ಯವಾಗಿತ್ತೆಂದು ಈ ಅಂಕಿಗಳಿಂದ ಹೇಳಲಾಗದು. ಎಷ್ಟೋ ಜೀವಗಳನ್ನು ಉಳಿಸಿದ ಶಸ್ತ್ರಚಿಕಿತ್ಸೆ ಅದು. ಆದರೆ ಆಸ್ಪತ್ರೆಯ ಒಡೆತನ ಬದಲಾದೊಡನೆ ಪ್ರಮಾಣ ಮೂರು ಪಟ್ಟು ಏರುವುದಕ್ಕೆ ವೈದ್ಯಕೀಯ ಕಾರಣವೊಂದೇ ಉತ್ತರವಾಗಲಾರದು.

ವೈರಾಣುವಿನಿಂದ ಬಂದ ನೆಗಡಿಗೆ ಆ್ಯಂಟಿಬಯಾಟಿಕ್ ಬರೆದುಕೊಡುವುದೂ ಈ ಪಟ್ಟಿಗೇ ಸೇರುತ್ತದೆ. ಅದರಿಂದ ಆ ರೋಗಿಗೆ ಪ್ರಯೋಜನವಿಲ್ಲ; ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದು ನಾಳೆ ಮತ್ತೊಬ್ಬರ ಜೀವಕ್ಕೆ ಎರವಾಗಬಹುದು. ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 'ಲ್ಯಾನ್ಸೆಟ್' ನಿಯತಕಾಲಿಕದಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇಂಜೆಕ್ಷನ್ ಇಲ್ಲದೆ, ಚೀಟಿಯಲ್ಲಿ ನಾಲ್ಕು ಮಾತ್ರೆಯಿಲ್ಲದೆ ಹೊರಬಂದರೆ ವೈದ್ಯರು ಸರಿಯಾಗಿ ನೋಡಲಿಲ್ಲ ಎಂದು ಗೊಣಗುವ ರೋಗಿಗಳ ಪಾಲೂ ಇದರಲ್ಲಿದೆ ಎಂಬುದನ್ನು ಮರೆಯುವಂತಿಲ್ಲ.

ವೈದ್ಯರ ನಡವಳಿಕೆ ಕುರಿತ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ರೋಗಿಯನ್ನು ಬೇರೆಡೆಗೆ ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ನಿಷೇಧಿಸಿದೆ. 2009ರ ತಿದ್ದುಪಡಿಯು ಔಷಧ ಕಂಪನಿಗಳ ಉಡುಗೊರೆ, ಪ್ರವಾಸ ಸೌಲಭ್ಯಗಳಿಗೂ ನಿರ್ಬಂಧ ಹೇರಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದ ಕಾರಣ 2002ರ ನಿಯಮಾವಳಿಯೇ ಮತ್ತೆ ಅನ್ವಯವಾಯಿತು. ಅಂದರೆ ಕಮಿಷನ್ ಪಡೆಯುವುದು ತಪ್ಪೆಂಬುದರಲ್ಲಿ ಗೊಂದಲವಿಲ್ಲ. ಮುಚ್ಚಿದ ಕೋಣೆಯ ಲೆಕ್ಕಾಚಾರವನ್ನು ಸಾಬೀತುಪಡಿಸುವುದೇ ಸವಾಲು.

ಒಬ್ಬರ ತಪ್ಪೋ, ವ್ಯವಸ್ಥೆಯದೋ?

ಆಸ್ಪತ್ರೆಯಲ್ಲಿ ಅನಾಹುತವಾದಾಗ ಮೊದಲು ಕೇಳಿಬರುವ ಪ್ರಶ್ನೆ 'ತಪ್ಪು ಯಾರದು?' ಎಂಬುದು. ಅನೇಕ ವೇಳೆ 'ತಪ್ಪು ಹೇಗಾಯಿತು?' ಎಂಬ ಪ್ರಶ್ನೆಯೇ ಹೆಚ್ಚು ಜೀವಗಳನ್ನು ಉಳಿಸುತ್ತದೆ. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 1999ರಲ್ಲಿ ಪ್ರಕಟಿಸಿದ ವರದಿ, ಆ ದೇಶದ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಾಗಿ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಜನ ಸಾಯುತ್ತಿದ್ದಾರೆಂದು ಅಂದಾಜಿಸಿ ಸಂಚಲನ ಮೂಡಿಸಿತು. ಬಹುಪಾಲು ತಪ್ಪುಗಳ ಹಿಂದೆ ದುಷ್ಟ ವೈದ್ಯರಿರಲಿಲ್ಲ, ದೋಷಪೂರ್ಣ ವ್ಯವಸ್ಥೆಯಿತ್ತು ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಚಿಕಿತ್ಸೆ ಪಡೆಯುವ ಹತ್ತು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಹಾನಿಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಡೆಯಲು ಸಾಧ್ಯವಿದೆ.

ತಡೆಯುವ ಉಪಾಯ ಕೆಲವೊಮ್ಮೆ ಅಚ್ಚರಿಯಾಗುವಷ್ಟು ಸರಳ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪುಟದ ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ರೋಗಿ ಇವರೇ ತಾನೆ, ಶಸ್ತ್ರಚಿಕಿತ್ಸೆ ದೇಹದ ಯಾವ ಭಾಗಕ್ಕೆ, ಔಷಧದ ಅಲರ್ಜಿಯಿದೆಯೇ, ಕೊನೆಯಲ್ಲಿ ಹತ್ತಿ-ಬಟ್ಟೆ ಮತ್ತು ಉಪಕರಣಗಳ ಲೆಕ್ಕ ಸರಿಯಿದೆಯೇ ಎಂಬಂಥ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಕ್ರಮವದು. ನವದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ, ತೊಡಕುಗಳ ಪ್ರಮಾಣ ಶೇ 11ರಿಂದ 7ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ದಾದಿಯೊಬ್ಬರು ಹಿರಿಯ ಶಸ್ತ್ರಚಿಕಿತ್ಸಕರನ್ನು ತಡೆದು 'ಸ್ವಲ್ಪ ನಿಲ್ಲಿ ಡಾಕ್ಟರ್, ಲೆಕ್ಕ ತಾಳೆಯಾಗುತ್ತಿಲ್ಲ' ಎನ್ನಲು ಸಾಧ್ಯವಾಗುವ ವಾತಾವರಣ ಇದ್ದಾಗ ಮಾತ್ರ ಇಂಥ ಪಟ್ಟಿಗೆ ಬೆಲೆ.

ಕಾನೂನು ಎಲ್ಲಿಂದ ಆರಂಭ?

ವೈದ್ಯಕೀಯ ಹಾನಿಯ ವಿರುದ್ಧ ಭಾರತದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೂರರ ಅಳತೆಗೋಲೂ ಬೇರೆ.

ಮೊದಲನೆಯದು ಕ್ರಿಮಿನಲ್ ಮೊಕದ್ದಮೆ. ಲೂಧಿಯಾನದ ಆಸ್ಪತ್ರೆಯೊಂದರಲ್ಲಿ 1995ರಲ್ಲಿ ಉಸಿರಾಟದ ತೊಂದರೆಗೀಡಾದ ವೃದ್ಧ ರೋಗಿಗೆ ಜೋಡಿಸಲು ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ಮತ್ತೊಂದನ್ನು ತಂದು ಅಳವಡಿಸುವಷ್ಟರಲ್ಲಿ ಅವರು ಸಾವಿಗೀಡಾದರು. 'ಜೇಕಬ್ ಮ್ಯಾಥ್ಯೂ ಪ್ರಕರಣ'ವೆಂದೇ ಹೆಸರಾದ ಈ ಮೊಕದ್ದಮೆಯಲ್ಲಿ 2005ರ ಆಗಸ್ಟ್ 5ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ವೈದ್ಯನನ್ನು ಅಪರಾಧಿಯೆನ್ನಲು ಸಾಮಾನ್ಯ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವಿರಬೇಕು ಎಂದಿತು. ಮೊಕದ್ದಮೆ ಹೂಡುವ ಮುನ್ನ ಸ್ವತಂತ್ರ ವೈದ್ಯರ, ಅದರಲ್ಲೂ ಸರ್ಕಾರಿ ಸೇವೆಯಲ್ಲಿರುವವರ ಅಭಿಪ್ರಾಯ ಪಡೆಯಬೇಕೆಂದು ಸೂಚಿಸಿತು. ವೈದ್ಯರ ಮೇಲಿನ ಆರೋಪ ರದ್ದಾಯಿತು. ಖಾಲಿ ಸಿಲಿಂಡರಿಗೆ ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾಗಬಹುದು ಎಂಬ ಮಾತನ್ನೂ ನ್ಯಾಯಾಲಯ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಇತರರಿಗೆ ಐದು ವರ್ಷದವರೆಗೆ ಜೈಲು ವಿಧಿಸಿದರೆ, ಚಿಕಿತ್ಸೆಯ ವೇಳೆ ಹಾಗಾದಾಗ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಜೈಲು ಹಾಗೂ ದಂಡ ವಿಧಿಸುತ್ತದೆ.

ಎರಡನೆಯದು ಗ್ರಾಹಕ ಕಾನೂನು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ನವೆಂಬರ್ 13ರಂದು ಸಾರಿತು. ಇಲ್ಲಿ ಘೋರ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಿಲ್ಲ. ಸಮರ್ಥ ವೈದ್ಯನೊಬ್ಬ ವಹಿಸಬೇಕಾದ ಸಾಧಾರಣ ಎಚ್ಚರಿಕೆ ತಪ್ಪಿತ್ತೆಂದು ತೋರಿಸಿದರೆ ಸಾಕು. ಕೋಲ್ಕತ್ತದ ಪ್ರಕರಣದಲ್ಲಿ ವೈದ್ಯರು ಕ್ರಿಮಿನಲ್ ಆರೋಪದಿಂದ ಮುಕ್ತರಾದರೂ ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದ್ದು ಈ ವ್ಯತ್ಯಾಸದಿಂದಲೇ. ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ಸೇವೆಗೆ ತೆತ್ತ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಮೂರನೆಯದು ಕರ್ನಾಟಕ ವೈದ್ಯಕೀಯ ಪರಿಷತ್ತು. ವೃತ್ತಿಧರ್ಮ ಮೀರಿದ ವೈದ್ಯರಿಗೆ ಎಚ್ಚರಿಕೆ ನೀಡುವ, ನೋಂದಣಿಯನ್ನು ಅಮಾನತಿನಲ್ಲಿಡುವ ಅಥವಾ ಹೆಸರು ತೆಗೆದುಹಾಕುವ ಅಧಿಕಾರ ಪರಿಷತ್ತಿಗಿದೆ. ಹಣದ ಪರಿಹಾರ ಇಲ್ಲಿ ದೊರೆಯದು. ಖಾಸಗಿ ಆಸ್ಪತ್ರೆಯ ವಿರುದ್ಧದ ದೂರುಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೂ ಇದೆ.

ಮೂರೂ ದಾರಿಗಳು ತೆರೆಯುವುದು ಹಾನಿಯಾದ ಮೇಲೆ. ಅನಗತ್ಯ ಮಾತ್ರೆ, ವಿವರಿಸದೆ ಪಡೆದ ಸಹಿ, ರೋಗಿಯ ಮಾತು ಮುಗಿಯುವ ಮುನ್ನ ಬರೆದ ಚೀಟಿ ಇವು ಯಾವ ನ್ಯಾಯಾಲಯವನ್ನೂ ತಲಪುವುದಿಲ್ಲ. ಅಲ್ಲಿ ಕಾವಲಿರುವುದು ವೈದ್ಯನ ಧರ್ಮ ಮಾತ್ರ. ಹಲ್ಲೆಯ ಭೀತಿ, ಮೊಕದ್ದಮೆಯ ಅಂಜಿಕೆಯಿಂದ ವೈದ್ಯರು ತಮ್ಮ ರಕ್ಷಣೆಗೆಂದೇ ಹೆಚ್ಚುವರಿ ಪರೀಕ್ಷೆಗಳನ್ನು ಬರೆಯುವುದೂ ಉಂಟು. ಅದರ ಹೊರೆಯೂ ಕೊನೆಗೆ ರೋಗಿಯ ಮೇಲೆಯೇ ಬೀಳುತ್ತದೆ.

ನಿಲ್ಲಿಸುವುದೂ ಚಿಕಿತ್ಸೆಯೇ

ಗುಣವಾಗುವ ಸಾಧ್ಯತೆಯೇ ಇಲ್ಲದ ರೋಗಿಯನ್ನು ಯಂತ್ರಗಳ ಬಲದಿಂದ ಉಸಿರಾಡಿಸುತ್ತಿರುವುದು ಒಳಿತೋ, ಕೇಡೋ? ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪು ನೀಡಿ, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಹಾಗೂ ಅಂಥ ಸ್ಥಿತಿಯ ಬಗ್ಗೆ ಮುಂಚಿತವಾಗಿ ಉಯಿಲು ಬರೆದಿಡಲು ಅವಕಾಶ ಕಲ್ಪಿಸಿತು. 2023ರ ಜನವರಿಯಲ್ಲಿ ಈ ಪ್ರಕ್ರಿಯೆಯನ್ನು ಸರಳಗೊಳಿಸಲಾಯಿತು. ಈಗ ಆಸ್ಪತ್ರೆಯ ಎರಡು ಹಂತದ ವೈದ್ಯಕೀಯ ಮಂಡಳಿಗಳು ಪರಿಶೀಲಿಸಿ, ಕುಟುಂಬದವರ ಒಪ್ಪಿಗೆಯೊಂದಿಗೆ ತೀರ್ಮಾನಿಸಬೇಕು. ಇದನ್ನು ಜಾರಿಗೊಳಿಸುವ ಸುತ್ತೋಲೆಯನ್ನು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು. ಸಾವನ್ನು ತರುವುದು ಇದರ ಉದ್ದೇಶವಲ್ಲ. ನೋವನ್ನಷ್ಟೇ ಲಂಬಿಸುವ ಚಿಕಿತ್ಸೆಯನ್ನು ನಿಲ್ಲಿಸುವುದು, ನೋವು ಶಮನದ ಆರೈಕೆಯನ್ನು ಮುಂದುವರಿಸುವುದು ಇದರ ಆಶಯ.

ರೋಗಿ ಏನು ಕೇಳಬಹುದು?

2008ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವೈದ್ಯರು ತಿಳಿಸಲೇಬೇಕಾದ ಅಂಶಗಳನ್ನು ಪಟ್ಟಿಮಾಡಿದೆ. ಅವನ್ನೇ ಪ್ರಶ್ನೆಗಳಾಗಿ ಬದಲಿಸಿದರೆ ಪ್ರತಿಯೊಬ್ಬ ರೋಗಿಯ ಕೈಯಲ್ಲಿರಬೇಕಾದ ಚೀಟಿ ಸಿದ್ಧವಾಗುತ್ತದೆ.

* ಈ ಚಿಕಿತ್ಸೆ ಎಂಥದು, ಹೇಗೆ ನಡೆಸುತ್ತೀರಿ?
* ಇದರ ಉದ್ದೇಶವೇನು, ಏನು ಪ್ರಯೋಜನ?
* ಬೇರೆ ದಾರಿಗಳಿವೆಯೇ?
* ಮುಖ್ಯ ಅಪಾಯಗಳೇನು?
* ಚಿಕಿತ್ಸೆ ಬೇಡವೆಂದರೆ ಏನಾಗಬಹುದು?

ತುರ್ತು ಸ್ಥಿತಿ ಇಲ್ಲದಿದ್ದರೆ ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದರಲ್ಲಿ ಸಂಕೋಚ ಬೇಡ. ಸಮ್ಮತಿ ಪತ್ರವನ್ನು ಓದದೆ, ಅರ್ಥವಾಗುವ ಭಾಷೆಯಲ್ಲಿ ವಿವರ ಪಡೆಯದೆ ಸಹಿ ಹಾಕಬಾರದು. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡುವುದೂ ಕಡ್ಡಾಯ.

ವೈದ್ಯನನ್ನು ನಾರಾಯಣನಿಗೆ ಸಮನೆಂದು ಕಾಣುವ ರೂಢಿ ನಮ್ಮದು. ದೇವರನ್ನು ಪ್ರಶ್ನಿಸುವಂತಿಲ್ಲ, ವೈದ್ಯರನ್ನು ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಹೊತ್ತು ಕೊಟ್ಟು ಉತ್ತರಿಸುವ ವೈದ್ಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ದೆಹಲಿಯ ಆ ಚಿಕಿತ್ಸಾಲಯದಲ್ಲಿ ಅಂದು ಬೇಕಿದ್ದುದು ಹೊಸ ಯಂತ್ರವಲ್ಲ, ದುಬಾರಿ ಔಷಧವೂ ಅಲ್ಲ. ರೋಗಿಗೆ ಎಚ್ಚರವಾಗುವವರೆಗೆ ಕಾದು, ಒಂದು ಮಾತು ಕೇಳುವ ತಾಳ್ಮೆ ಸಾಕಿತ್ತು.